ಹಲ್ಲಕ್ಕ ಕಾದ ಹಲ್ಲು

ಆ ಬೀದಿಯಲ್ಲಿ ಅವಳ ನಿಜವಾದ ಹೆಸರು ಹೇಳಿ ಕೇಳಿದರೆ ಯಾರಿಗೂ ಮನೆ ಗೊತ್ತಾಗುತ್ತಿರಲಿಲ್ಲ. ಹಲ್ಲಕ್ಕ ಎಂದರೆ ಸಾಕು, ಸೈಕಲ್ ರಿಪೇರಿಯವನಿಂದ ಔಷಧಿ ಅಂಗಡಿಯ ಅಜ್ಜನವರೆಗೆ ಎಲ್ಲರ ಕೈಯೂ ಒಂದೇ ಕಡೆ ಚಾಚುತ್ತಿತ್ತು. "ಅಗೋ, ಆ ಹಸಿರು ಕಿಟಕಿ. ಬಾಗಿಲು ತಟ್ಟಿ ಪ್ರಯೋಜನ ಇಲ್ಲ, ಮೆಷೀನ್ ಸದ್ದಿಗೆ ಕೇಳಿಸಲ್ಲ. ಕಿಟಕಿ ಬಡೀರಿ."

ಹಲ್ಲಕ್ಕ ಹಲ್ಲಿನ ಡಾಕ್ಟರಲ್ಲ. ಡಾಕ್ಟರುಗಳು ಹಲ್ಲುದುರಿದವರ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅದರ ಮೇಲೆ ಹಲ್ಲುಸೆಟ್ಟು ಕಟ್ಟಿ ಕೊಡುವುದು ಅವಳ ಕೆಲಸ. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಕಿಟಕಿಗೆ ಆನಿಸಿದ ಉದ್ದನೆಯ ಮೇಜು, ಅದರ ಮೇಲೆ ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ತಿರುಪು ತಿರುಗಿಸಿ ಅಚ್ಚು ಒತ್ತುವ ಕಬ್ಬಿಣದ ಪ್ರೆಸ್ಸು, ಮೂಲೆಯಲ್ಲಿ ಸದಾ ಕುದಿಯುವ ನೀರಿನ ಪಾತ್ರೆ. ಗೋಡೆಯ ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಹೊಸಬರು ಒಳಗೆ ಕಾಲಿಟ್ಟರೆ ಒಂದು ಕ್ಷಣ ಬೆಚ್ಚುತ್ತಿದ್ದರು. "ಹೆದರಬೇಡಿ, ಯಾವುದೂ ಕಚ್ಚಲ್ಲ" ಎನ್ನುವುದು ಹಲ್ಲಕ್ಕನ ಮಾಮೂಲಿ ಸ್ವಾಗತ.

ಈ ಕೆಲಸಕ್ಕೆ ಅವಳು ಬಿದ್ದದ್ದು ತಾಯಿಯಿಂದ. ನಲವತ್ತಮೂರಕ್ಕೇ ತಾಯಿಯ ಬಾಯಿ ಬೊಚ್ಚಾಗಿತ್ತು. ಅಂಗೈ ಅಡ್ಡ ಹಿಡಿಯದೆ ಆಕೆ ಮಾತಾಡುತ್ತಿರಲಿಲ್ಲ, ನಗುವುದನ್ನಂತೂ ಬಿಟ್ಟೇಬಿಟ್ಟಿದ್ದಳು. ಕೊನೆಗೆ ಹತ್ತೊಂಬತ್ತರ ಮಗಳೇ ಅವಳನ್ನು ಎಳೆದುಕೊಂಡು ಹೋಗಿ ಸೆಟ್ಟು ಕಟ್ಟಿಸಿದಳು. ಕಟ್ಟಿದ ಮುದುಕ ಕನ್ನಡಿ ಹಿಡಿದಾಗ ತಾಯಿ ನಗಲೂ ಇಲ್ಲ, ಅಳಲೂ ಇಲ್ಲ. "ಮನೇಲಿ ಸೇಬು ಇದೆಯೇನೇ?" ಎಂದಳು. ಮರುದಿನ ಬೆಳಿಗ್ಗೆ ಮಗಳು ಮತ್ತೆ ಅದೇ ಮುದುಕನ ಬಾಗಿಲಲ್ಲಿ ನಿಂತಿದ್ದಳು.

"ಏನಮ್ಮ, ಸೆಟ್ಟು ಒತ್ತುತ್ತಾ?"

"ಇಲ್ಲ ಮೇಷ್ಟ್ರೇ. ನಂಗೂ ಕಲಿಸಿ."

ಅಂದು ಹಿಡಿದ ಮೇಣದ ಚಾಕುವನ್ನು ಅವಳು ಮೂವತ್ತು ವರ್ಷ ಕೆಳಗಿಡಲಿಲ್ಲ. ಮದುವೆ ಬೇಡವೆಂದು ಪಣ ತೊಟ್ಟವಳೇನಲ್ಲ. ಕೆಲಸದ ಗಲಾಟೆಯಲ್ಲಿ ಅದು ಮರೆತೇ ಹೋಯಿತು ಎನ್ನುತ್ತಿದ್ದಳು. ಅವಳ ಕೈಯ ಹಲ್ಲುಗಳಿಗೆ ಒಂದು ಗುಣವಿತ್ತು. ಎಲ್ಲವನ್ನೂ ದಾರ ಹಿಡಿದಂತೆ ನೆಟ್ಟಗೆ ಕೂರಿಸುತ್ತಿರಲಿಲ್ಲ, ಒಂದನ್ನು ಎಳ್ಳಷ್ಟು ಓರೆ ಮಾಡುತ್ತಿದ್ದಳು. "ಪೂರಾ ನೆಟ್ಟಗಿದ್ರೆ ಕಟ್ಟಿಸಿದ್ದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಸ್ವಲ್ಪ ಓರೆಯಾದ್ರೆ ಹುಟ್ಟಿಂದ ಬಂದಿದ್ದು ಅಂತಾರೆ." ಊರಲ್ಲಿ ಎಷ್ಟು ಜನ ಅವಳ ಹಲ್ಲಿನಿಂದ ನಗುತ್ತಿದ್ದರೋ ಅವಳೇ ಬಲ್ಲಳು. ಬಲ್ಲಳು, ಆದರೆ ಯಾರ ಬಾಯಿಯ ಗುಟ್ಟನ್ನೂ ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ.

ಅವಳಿಗೆ ಹನ್ನೆರಡು ವರ್ಷಕ್ಕೆ ಚಿಕ್ಕವಳಾದ ಒಬ್ಬಳು ತಂಗಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ತಂಗಿಯ ಗಂಡ ಸಿಟಿ ಬಸ್ಸಿನ ಡ್ರೈವರು. ಮೂವರೂ ಅದೇ ಮನೆಯಲ್ಲಿದ್ದರು. ತಂಗಿಗೆ ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿರಲಿಲ್ಲ. ಹತ್ತನೆಯ ವರ್ಷ ಹೆಣ್ಣುಮಗು ಹುಟ್ಟಿದಾಗ ಡ್ರೈವರು ಆಸ್ಪತ್ರೆಯಿಂದ ಓಡಿ ಬಂದು ಹಸಿರು ಕಿಟಕಿ ಬಡಿದ. "ಅತ್ತಿಗೇ, ಈ ಮನೇಲಿ ಕೋಣೆ ತುಂಬ ಹಲ್ಲಿದ್ವು, ಕಡಲೆ ಒಂದಿರಲಿಲ್ಲ. ಬಂತು ನೋಡಿ!" ಅಂದಿನಿಂದ ಮಗುವಿಗೆ ಕಡಲೆ ಎಂದೇ ಹೆಸರಾಯಿತು. ಶಾಲೆಯ ಪುಸ್ತಕದಲ್ಲಿ ಬೇರೆ ಏನೋ ಬರೆಸಿದ್ದರು, ಬಿಡಿ, ಅದು ಶಾಲೆಗೆ.

ತಂಗಿ ಕೆಲಸಕ್ಕೆ ಹೋದಾಗ ಕಡಲೆ ದೊಡ್ಡಮ್ಮನ ಕೋಣೆಯಲ್ಲೇ ಬೆಳೆದಳು. ಬೇರೆ ಮಕ್ಕಳಿಗೆ ಗೊಂಬೆ ಇದ್ದಂತೆ ಅವಳಿಗೆ ಪ್ಲಾಸ್ಟರಿನ ದವಡೆಗಳು. ಎರಡೆರಡನ್ನು ಹಿಡಿದು ಮಾತಾಡಿಸುತ್ತಿದ್ದಳು, ಜಗಳ ಆಡಿಸುತ್ತಿದ್ದಳು, ಊಟ ಮಾಡಿಸುತ್ತಿದ್ದಳು.

ಅವಳಿಗೆ ಮೂರೂವರೆ ವರ್ಷವಾಗಿದ್ದಾಗ, ತಂಗಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅದು ನಡೆಯಿತು. ಹಲ್ಲಕ್ಕ ಕುದಿಯುವ ನೀರಿನಿಂದ ಅಚ್ಚಿನ ಪೆಟ್ಟಿಗೆಯನ್ನು ಇಕ್ಕಳದಲ್ಲಿ ಎತ್ತುತ್ತಿದ್ದಳು. ಬೆನ್ನು ಮೇಜಿನ ಕಡೆಗಿತ್ತು. ಗೋಡೆಯಲ್ಲಿ ನೇತುಹಾಕಿದ್ದ, ಬಿಳುಪಿನಿಂದ ಹಳದಿಯವರೆಗೆ ಮಾದರಿ ಹಲ್ಲುಗಳನ್ನು ಸಾಲಾಗಿ ಜೋಡಿಸಿದ ಬಣ್ಣದ ಪಟ್ಟಿಯ ಮೇಲೆ ಕಡಲೆಗೆ ಬಹಳ ದಿನದಿಂದ ಕಣ್ಣು. ತಿರುಗುವ ಸ್ಟೂಲಿನ ಮೇಲೆ ಹತ್ತಿ ಕೈ ಚಾಚಿದಳು. ಸ್ಟೂಲು ತಿರುಗಿತು. ಬಾಯಿ ನೇರವಾಗಿ ಕಬ್ಬಿಣದ ಪ್ರೆಸ್ಸಿನ ಅಂಚಿಗೆ ಬಡಿಯಿತು.

ಕಿರುಚಾಟ ಕೇಳಿ ಹಲ್ಲಕ್ಕ ತಿರುಗಿದಾಗ ಮಗುವಿನ ಗಲ್ಲವೆಲ್ಲ ರಕ್ತ. ಮೇಲಿನ ಸಾಲಿನ ಎಡಗಡೆ ಮುಂದಿನ ಹಲ್ಲು ಇರಲಿಲ್ಲ. ಮೂವತ್ತು ವರ್ಷ ಪಳಗಿದ ಕೈ ಸುಮ್ಮನಿರಲಿಲ್ಲ. ಮಗುವನ್ನು ಕಂಕುಳಲ್ಲಿ ಅವಚಿಕೊಂಡೇ ನೆಲವೆಲ್ಲ ತಡಕಿ, ಪ್ಲಾಸ್ಟರ್ ಪುಡಿಯ ನಡುವೆ ಬಿದ್ದಿದ್ದ ಹಲ್ಲನ್ನು ಹುಡುಕಿ, ನೀರಲ್ಲಿ ಜಾಲಿಸಿ, ಹಾಲಿನ ಲೋಟಕ್ಕೆ ಹಾಕಿಕೊಂಡು ಓಡಿದಳು. ಅಷ್ಟರಲ್ಲಿ ತಂಗಿಯೂ ಹಿತ್ತಿಲ ಕಡೆಯಿಂದ ಓಡಿಬಂದಿದ್ದಳು. ಇಬ್ಬರ ಕಾಲಲ್ಲೂ ಚಪ್ಪಲಿ ಇರಲಿಲ್ಲ.

ಮಕ್ಕಳ ಹಲ್ಲಿನ ಡಾಕ್ಟರಮ್ಮ ಸಣ್ಣ ಮೈಕಟ್ಟಿನ, ಗಡಿಬಿಡಿಯಿಲ್ಲದ ಹೆಂಗಸು. ರಕ್ತ ನಿಲ್ಲಿಸಿ, ತುಟಿ ಒರೆಸಿ, ಲೋಟದೊಳಗೆ ಇಣುಕಿದರು.

"ಹಾಲಲ್ಲಿ ಹಾಕ್ಕೊಂಡು ಬಂದಿದ್ದೀರಿ, ಬುದ್ಧಿವಂತರು. ದೊಡ್ಡವರ ಹಲ್ಲಾಗಿದ್ರೆ ವಾಪಸ್ ಕೂರಿಸ್ತಿದ್ದೆ. ಹಾಲುಹಲ್ಲನ್ನ ಕೂರಿಸಲ್ಲಮ್ಮ. ಕೂರಿಸೋಕೆ ಹೋದ್ರೆ ಮೇಲಿರೋದಕ್ಕೆ ಪೆಟ್ಟಾಗುತ್ತೆ."

"ಮೇಲಿರೋದಾ? ಮೇಲೆ ಏನಿದೆ?"

ಡಾಕ್ಟರಮ್ಮ ಕಪಾಟಿನಿಂದ ಮಗುವಿನ ದವಡೆಯ ಮಾದರಿಯೊಂದನ್ನು ತೆಗೆದು ಮುಂದಿಟ್ಟರು. ಅದರ ಹೊರಗೋಡೆಯನ್ನು ಕತ್ತರಿಸಿ ಒಳಗಿನದು ಕಾಣುವಂತೆ ಮಾಡಿದ್ದರು. ಹೊರಗೆ ಅಕ್ಕಿಕಾಳಿನಂಥ ಹಾಲುಹಲ್ಲುಗಳ ಸಾಲು. ಅವುಗಳ ಬೇರಿನ ಹಿಂದೆ, ಮೂಳೆಯ ಗೂಡುಗಳಲ್ಲಿ, ಅರ್ಧ ಬೆಳೆದ ದೊಡ್ಡ ಹಲ್ಲುಗಳು ಒತ್ತೊತ್ತಾಗಿ ಮಲಗಿದ್ದವು. ಹಲ್ಲಕ್ಕ ಬಾಯಿ ಬಿಟ್ಟುಕೊಂಡು ನೋಡಿದಳು. ಮೂವತ್ತು ವರ್ಷ ಹಲ್ಲಿನ ಜೊತೆಗೇ ಬದುಕಿದವಳು. ಆದರೆ ಅವಳ ಹತ್ತಿರ ಬಂದದ್ದೆಲ್ಲ ಹಲ್ಲು ಮುಗಿದುಹೋದ ಬಾಯಿಗಳು. ಹಲ್ಲು ಶುರುವಾಗುವ ಬಾಯಿಯನ್ನು ಅವಳು ನೋಡಿರಲೇ ಇಲ್ಲ.

"ಆರು, ಏಳು ವರ್ಷದ ಹೊತ್ತಿಗೆ ಇವು ಹೊರಡ್ತವೆ. ಹೊರಡ್ತಾ ಹಾಲುಹಲ್ಲಿನ ಬೇರು ಸ್ವಲ್ಪ ಸ್ವಲ್ಪವಾಗಿ ಕರಗುತ್ತೆ. ಬೇರಿಲ್ಲದ ಹಲ್ಲು ಎಷ್ಟು ದಿನ ನಿಲ್ಲುತ್ತೆ? ಅಲ್ಲಾಡಿ ಬೀಳುತ್ತೆ. ನಿಮ್ಮ ಮಗೂದು ಹೊತ್ತಿಗೆ ಮುಂಚೆ ಬಿದ್ದಿದೆ, ಅದಕ್ಕೇ ಬೇರು ಹಾಗೇ ಇದೆ ನೋಡಿ."

ಲೋಟದಲ್ಲಿದ್ದ ಹಲ್ಲಿಗೆ ಹೌದು, ಉದ್ದನೆಯ ಬೇರಿತ್ತು.

"ಹಾಗಾದ್ರೆ ಮೇಲಿನದಕ್ಕೆ ಏಟು ಬಿದ್ದಿದೆಯಾ?" ತಂಗಿ ಕೇಳಿದಳು.

"ಬಿದ್ದಿರಬಹುದು, ಬೀಳದೇನೂ ಇರಬಹುದು. ಈಗ ಹೇಳೋಕಾಗಲ್ಲಮ್ಮ. ಏಳು ತುಂಬಿದಾಗ ಕರ್ಕೊಂಡು ಬನ್ನಿ, ಎಕ್ಸ್‌ರೇ ಫೋಟೋ ತೆಗೆದು ನೋಡೋಣ."

ಆಟೋದಲ್ಲಿ ತಂಗಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೂ ಆಡಲಿಲ್ಲ. ಮರುದಿನ, ಮರುತಿಂಗಳು, ಮರುವರ್ಷವೂ ಆ ಮಧ್ಯಾಹ್ನದ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ಹಲ್ಲಕ್ಕ ತಲೆ ತಗ್ಗಿಸಿ ಬೈಸಿಕೊಂಡು ಹಗುರಾಗುತ್ತಿದ್ದಳು. ಬೈಯದ ತಂಗಿಯ ಎದುರು ಕೂತು ಊಟ ಮಾಡುವುದೇ ಕಷ್ಟವಾಯಿತು. ಅವಳು ಮಾಡಿದ್ದು ಒಂದೇ: ತಿರುಗುವ ಸ್ಟೂಲನ್ನು ಗುಜರಿಗೆ ಹಾಕಿ ನಾಲ್ಕು ಕಾಲಿನ ಭಾರದ ಮರದ ಸ್ಟೂಲು ತಂದಳು. ಅದನ್ನು ಎಳೆಯಬೇಕಾದರೆ ಅವಳಿಗೇ ಸೊಂಟ ಹಿಡಿಯುತ್ತಿತ್ತು.

ಕಡಲೆಗೆ ಆರು ತುಂಬುತ್ತಿದ್ದಂತೆ ಹಲ್ಲಕ್ಕನ ಪಹರೆ ಶುರುವಾಯಿತು. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕಿಟಕಿಯ ಬೆಳಕಿಗೆ ಮಗುವನ್ನು ನಿಲ್ಲಿಸಿ "ಆ ಅನ್ನು" ಎನ್ನುತ್ತಿದ್ದಳು. ಒಂದು ದಿನ ಕೆಳಸಾಲಿನಲ್ಲಿ ನೋಡಿದರೆ, ಹಳೆಯ ಹಲ್ಲು ನಿಂತ ಜಾಗದಲ್ಲೇ ನಿಂತಿದೆ, ಅದರ ಹಿಂದೆ ನಾಲಿಗೆಯ ಕಡೆ ಇನ್ನೊಂದು ಹಲ್ಲು ತಲೆ ಎತ್ತಿದೆ! ಹಲ್ಲಕ್ಕನಿಗೆ ಬೆವರು ಕಿತ್ತುಬಂತು. ಬಿದ್ದ ಏಟಿಗೆ ಇಡೀ ಬಾಯಿಯೇ ದಾರಿ ತಪ್ಪಿತೇ? ಡಾಕ್ಟರಮ್ಮನಿಗೆ ಫೋನು ಮಾಡಿದರೆ ಅವರು ನಕ್ಕುಬಿಟ್ಟರು.

"ಎಷ್ಟೋ ಮಕ್ಕಳಿಗೆ ಹೀಗೇ ಬರುತ್ತೆ. ಹಳೇದು ಅಲ್ಲಾಡ್ತಾ ಇದೆಯಾ? ಇದೆ ಅಲ್ವಾ? ಹಾಗಾದ್ರೆ ಬೀಳುತ್ತೆ. ಅದು ಬಿದ್ದ ಮೇಲೆ ನಾಲಿಗೆ ಹೊಸದನ್ನ ಮುಂದಕ್ಕೆ ತಳ್ಳಿಕೊಳ್ಳುತ್ತೆ. ಸುಮ್ನಿರಿ."

ಸುಮ್ಮನಿರುವುದು ಹಲ್ಲಕ್ಕನ ಜಾಯಮಾನವಲ್ಲ. ಆದರೂ ಎರಡು ವಾರ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಕಡಲೆ ಜೋಳದ ತೆನೆ ಕಡಿಯುವಾಗ ಹಳೆಯದು ತೆನೆಯಲ್ಲೇ ಸಿಕ್ಕಿಕೊಂಡಿತು. ಮೂರು ತಿಂಗಳಲ್ಲಿ ಹೊಸದು ಸಾಲಿಗೆ ಬಂದು ನಿಂತಿತು. ಆಮೇಲೆ ಇನ್ನೊಂದು ದಿಗಿಲು. ಹೊಸ ಹಲ್ಲಿನ ಅಂಚಿನಲ್ಲಿ ಗರಗಸದಂತೆ ಮೂರು ಮೊನೆ ಇದೆಯಲ್ಲ? ಅದೂ ಎಲ್ಲರಿಗೂ ಹಾಗೇ, ಕಚ್ಚಿ ಕಚ್ಚಿ ಸವೆಯುತ್ತದೆ ಎಂದರು ಡಾಕ್ಟರಮ್ಮ. ಹೊಸದು ಹಳದಿಯಾಗಿದೆಯಲ್ಲ? ಹಲ್ಲಕ್ಕ ಬಣ್ಣದ ಪಟ್ಟಿಯನ್ನೇ ತಂದು ಮಗುವಿನ ತುಟಿಗೆ ಹಿಡಿದಳು. ಹಾಲುಹಲ್ಲು ಪಟ್ಟಿಯ ಮೊದಲನೆಯ ಬಿಳುಪಿಗಿಂತಲೂ ಬಿಳಿ. ಹೊಸದು ನಾಲ್ಕು ಮನೆ ದಾಟಿತ್ತು.

"ದೊಡ್ಡಮ್ಮ, ನಾನೇನು ನಿನ್ನ ಗಿರಾಕಿನಾ?" ಕಡಲೆ ಪಟ್ಟಿಯನ್ನು ತಳ್ಳಿದಳು.

"ಬಾಯಿ ಮುಚ್ಚು. ಅಲ್ಲ, ಬಾಯಿ ತೆಗಿ."

ಪಕ್ಕದ ಹಾಲುಹಲ್ಲುಗಳ ಬಿಳುಪಿಗೆ ಹೋಲಿಸಿದರೆ ಶಾಶ್ವತ ಹಲ್ಲು ಹಳದಿಯಾಗಿ ಕಾಣುವುದು ಸಹಜ ಎಂದು ಅವಳಿಗೆ ಆಮೇಲೆ ತಿಳಿಯಿತು. ಅಂತೂ ಒಂದೊಂದೇ ಭಯ ಬಂದು ಒಂದೊಂದೇ ಹೋಗುತ್ತಿತ್ತು. ಹೋಗದೆ ಕೂತದ್ದು ಒಂದೇ.

ಏಳು ದಾಟಿದ ಮೇಲೆ ಮೇಲ್ಸಾಲಿನ ಬಲಗಡೆಯ ಹಾಲುಹಲ್ಲು ಬಿತ್ತು. ಎರಡೇ ತಿಂಗಳಲ್ಲಿ ಅದರ ಜಾಗದಲ್ಲಿ ಸಲಿಕೆಯಂಥ ಅಗಲವಾದ ಹಲ್ಲು ಇಳಿಯಿತು. ಎಡಗಡೆ? ಎಡಗಡೆ ನಯವಾದ ಗುಲಾಬಿ ವಸಡು. ಹಲ್ಲಕ್ಕ ಬೆರಳಿಟ್ಟು ಒತ್ತಿ ನೋಡುತ್ತಿದ್ದಳು. ಗಟ್ಟಿ, ಚಪ್ಪಟೆ, ಎಂದಿನಂತೆ. ಏಳೂವರೆಯಾಯಿತು. ಎಂಟಾಯಿತು. ಕಡಲೆಯ ತರಗತಿಯಲ್ಲಿ ಒಂದು ಕಾಲಕ್ಕೆ ಎಲ್ಲರ ಬಾಯಿಯೂ ಕಿಂಡಿ ಬಿದ್ದ ಬೇಲಿಯಾಗಿತ್ತು. ಈಗ ಒಬ್ಬೊಬ್ಬರದೇ ತುಂಬಿಕೊಂಡು ಕಡಲೆಯ ಕಿಂಡಿ ಮಾತ್ರ ಉಳಿಯಿತು. ಅವಳಿಗೆ ಅದರ ಚಿಂತೆ ಅಷ್ಟೇನೂ ಇರಲಿಲ್ಲ. ಆ ಸಂದಿಯಿಂದ ನೀರು ಚಿಮ್ಮಿಸಿದರೆ ಅಪ್ಪನ ಬಸ್ಸಿನ ವೈಪರಿನ ನೀರಿಗಿಂತ ದೂರ ಹೋಗುತ್ತದೆಂದು ಅವಳಿಗೆ ಹೆಮ್ಮೆ.

ಏಳು ತುಂಬಿದಾಗ ಬನ್ನಿ ಎಂದಿದ್ದರಲ್ಲ ಡಾಕ್ಟರಮ್ಮ? ಹೋಗಲಿಲ್ಲ. ಈ ತಿಂಗಳು ಕೆಲಸ ಜಾಸ್ತಿ, ಮುಂದಿನ ತಿಂಗಳು ಮಗುವಿಗೆ ಪರೀಕ್ಷೆ, ಆಮೇಲೆ ಯಾಕೋ ಮೋಡ. ನೆಪಕ್ಕೇನು ಬರವೇ? ತಂಗಿಯೂ ಹೋಗೋಣವೆನ್ನಲಿಲ್ಲ. ಹಲ್ಲಕ್ಕನಿಗೆ ಒಳಗೊಳಗೇ ಗೊತ್ತಿತ್ತು: ಫೋಟೋ ತೆಗೆಯುವವರೆಗೆ ಹಲ್ಲು ಇದ್ದರೂ ಇರಬಹುದು. ತೆಗೆದ ಮೇಲೆ ಇಲ್ಲವೆಂದಾದರೆ, ಇಲ್ಲ ಎಂದೇ ಆಯಿತಲ್ಲ.

ಹಾಗಾಗಿ ಅವಳು ತನಗೆ ಬರುವ ಕೆಲಸವನ್ನೇ ಮಾಡಿದಳು. ಒಂದು ಭಾನುವಾರ ಆಟವೆಂದು ಹೇಳಿ ಮಗುವಿನ ಬಾಯಿಯ ಅಚ್ಚು ತೆಗೆದಳು. ಕಪಾಟಿನ ದೊಡ್ಡ ದವಡೆಗಳ ನಡುವೆ ಅದು ಬೆಕ್ಕಿನ ಮರಿಯಂತೆ ಕಂಡಿತು. ಅಂಗುಳಕ್ಕೆ ಅಂಟಿಕೊಳ್ಳುವ ತೆಳ್ಳನೆಯ ಗುಲಾಬಿ ತಟ್ಟೆ, ಅದರ ತುದಿಗೆ ಒಂದೇ ಒಂದು ಹಲ್ಲು. ಬಲಗಡೆಯದರ ಬಣ್ಣ, ಬಲಗಡೆಯದರ ಅಗಲ, ಅಂಚಿನಲ್ಲಿ ಗರಗಸದ ಮೂರು ಮೊನೆಯನ್ನೂ ಬಿಡಲಿಲ್ಲ. ಒಂದು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದಳು. ಅಷ್ಟು ಚೆಂದದ ಹಲ್ಲನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ಬಾಯಿಗೆ ಹಾಕಿದ ಕೂಡಲೆ ಕಡಲೆ ಕನ್ನಡಿ ನೋಡಿಕೊಂಡು ಅಡುಗೆಮನೆಗೆ ಓಡಿದಳು. "ಅಮ್ಮಾ, ನೋಡು! ಹಲ್ಲು ಬಂತು!"

ತಂಗಿ ಪಾತ್ರೆ ತೊಳೆಯುತ್ತಿದ್ದವಳು ತಿರುಗಿದಳು. ಒಂದು ಕ್ಷಣ ಅವಳ ಮುಖವೆಲ್ಲ ಅರಳಿತು. ಮರುಕ್ಷಣ ಮಗು ನಾಲಿಗೆಯಿಂದ ತಟ್ಟೆಯನ್ನು ಜಾರಿಸಿ ಅಂಗೈಗೆ ಉದುರಿಸಿ ಕಿಸಕ್ಕನೆ ನಕ್ಕಿತು. ತಂಗಿ ಕೈ ಒರೆಸಿಕೊಳ್ಳದೆಯೇ ಅದನ್ನು ತೆಗೆದುಕೊಂಡು ಮುಂದಿನ ಕೋಣೆಗೆ ಬಂದಳು.

"ಅಕ್ಕಾ, ನೀನು ಆಸೆ ಬಿಟ್ಟುಬಿಟ್ಯಾ?"

ಹಲ್ಲಕ್ಕ ತಟ್ಟೆಗೆ ಕೈ ಚಾಚಿದಳು. "ಅಲ್ವೇ... ಶಾಲೇಲಿ ಮಕ್ಕಳು ಆಡಿಕೊಂಡ್ರೆ ಅಂತ..."

"ನೀನೇ ಕಟ್ಟಿಕೊಟ್ಟುಬಿಟ್ಟೆ ಅಂದ್ರೆ ಇನ್ನು ಬರಲ್ಲ ಅಂತ ತಾನೇ?" ತಂಗಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನಂಗೆ ಬರಲ್ಲ ಅನ್ನಿಸಿದಾಗೆಲ್ಲ ನಿನ್ನ ಮುಖ ನೋಡ್ತಿದ್ದೆ. ಅಕ್ಕ ದಿನಾ ಬೆಳಿಗ್ಗೆ ಹುಡುಕ್ತಾಳಲ್ಲ, ಅವಳಿಗೆ ಗೊತ್ತಿರುತ್ತೆ, ಬಂದೇ ಬರುತ್ತೆ ಅಂತ."

ಹಲ್ಲಕ್ಕ ಮರದ ಸ್ಟೂಲಿನ ಮೇಲೆ ಕೂತಳು. "ನಾಳೆ ಹೋಗೋಣ" ಎಂದಳು. "ಏನಾದ್ರೂ ಆಗ್ಲಿ, ನಾಳೆ ಹೋಗೋಣ."

ಮರುದಿನ ಡ್ರೈವರು ರಜೆ ಹಾಕಿದ. ನಾಲ್ವರೂ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದರು. ಕಡಲೆಯನ್ನು ಫೋಟೋ ತೆಗೆಯಲು ಒಳಗೆ ಕರೆದರು, ಜೊತೆಗೆ ಅಪ್ಪ ಹೋದ. ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಕ್ಕ ತಂಗಿ ಇಬ್ಬರೇ ಕೂತರು. ಎದುರಿಗೆ ನಗುವ ಮೊಸಳೆಯ ಚಿತ್ರ. ಅದರ ಹಲ್ಲುಗಳನ್ನು ಹಲ್ಲಕ್ಕ ಎರಡು ಸಲ ಎಣಿಸಿದಳು.

ಕೊನೆಗೆ ಅವಳೇ ಬಾಯಿಬಿಟ್ಟಳು. "ಐದು ವರ್ಷ ಆಗ್ತಾ ಬಂತು. ಒಂದು ಮಾತೂ ಬೈಲಿಲ್ಲ ನೀನು. ಈವತ್ತಾದ್ರೂ ಬೈದುಬಿಡೇ. ನಾನು ಬೆನ್ನು ಹಾಕಿದ್ದಕ್ಕೆ ತಾನೇ ಮಗು ಬಿದ್ದಿದ್ದು?"

ತಂಗಿ ಅವಳನ್ನೇ ನೋಡಿದಳು.

"ನಾನು ನೋಡಿದ್ದೆ ಅಕ್ಕ."

"ಏನು ನೋಡಿದ್ದೆ?"

"ಅವಳು ಸ್ಟೂಲು ಹತ್ತೋದನ್ನ. ಬಾಗಿಲಲ್ಲೇ ಇದ್ದೆ, ಫೋನಲ್ಲಿ ಮಾತಾಡ್ತಾ. ಅಕ್ಕ ಇದ್ದಾಳಲ್ಲ, ನೋಡ್ಕೋತಾಳೆ ಅಂತ ಹಿತ್ತಿಲ ಕಡೆ ಹೋದೆ. ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಕಿರುಚಿದ್ದು ಕೇಳಿಸ್ತು." ತಂಗಿಯ ಕಣ್ಣಲ್ಲಿ ನೀರು ತುಂಬಿತ್ತು. "ನಿನ್ನ ಯಾವ ಬಾಯಲ್ಲಿ ಬೈಲಿ? ನೀನು ಬೆನ್ನು ಹಾಕಿದ್ದೆ, ನಾನು ಕಣ್ಣಾರೆ ನೋಡಿದ್ದೆ. ಹೇಳೋಣ ಅಂದ್ಕೊಂಡಾಗೆಲ್ಲ ನೀನು ಆ ಭಾರದ ಸ್ಟೂಲು ಎಳೀತಿರ್ತಿದ್ದೆ. ಹೇಳದೆ ವಾಪಸ್ ಹೋಗ್ತಿದ್ದೆ."

ಹಲ್ಲಕ್ಕನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೊದಲು ಬಂದದ್ದು ಒಂದು ದೊಡ್ಡ ಉಸಿರು. ಆಮೇಲೆ ನಗು. "ಅಯ್ಯೋ ನಿನ್ನ! ಒಂದೇ ಮನೇಲಿ ಇಬ್ಬರು ಕಳ್ಳರು. ಒಬ್ಬರ ಮುಖ ಒಬ್ಬರು ನೋಡದೆ ಐದು ವರ್ಷ ಊಟ ಮಾಡಿದ್ದೀವಲ್ಲೇ." ತಂಗಿ ಅಳುತ್ತಲೇ ನಕ್ಕಳು. ಕೌಂಟರಿನ ಹುಡುಗಿ ತಲೆಯೆತ್ತಿ ನೋಡಿ, ಹಲ್ಲುನೋವು ಜೋರಾಗಿರಬೇಕೆಂದುಕೊಂಡು ಇಬ್ಬರಿಗೂ ನೀರು ತಂದುಕೊಟ್ಟಳು.

ಅಷ್ಟರಲ್ಲಿ ಒಳಗಿಂದ ಕರೆ ಬಂತು.

ಡಾಕ್ಟರಮ್ಮ ಬೆಳಕಿನ ಪರದೆಯ ಮೇಲೆ ಫೋಟೋ ಹಚ್ಚಿ ಬೆರಳು ಇಟ್ಟರು. ಹಲ್ಲಕ್ಕ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಬೂದು ಬಣ್ಣದ ಮೂಳೆಯ ನಡುವೆ, ಬಲಗಡೆಯ ಹಲ್ಲಿನ ಪಕ್ಕದಲ್ಲೇ, ಅದಕ್ಕಿಂತ ಸ್ವಲ್ಪ ಮೇಲೆ, ಬೆಳ್ಳಗೆ, ನೆಟ್ಟಗೆ, ಅಗಲವಾಗಿ ಒಂದು ಹಲ್ಲು.

"ಇದೆ" ಎಂದರು ಡಾಕ್ಟರಮ್ಮ.

ಮೂವರೂ ಇನ್ನಷ್ಟು ಬಗ್ಗಿ ನೋಡಿದರು.

"ಇದೆ ಅಂದೆ. ಚೆನ್ನಾಗೇ ಇದೆ. ಬೇರು ಓರೆಯಾಗಿಲ್ಲ, ಮೂಳೆಗೆ ಅಂಟಿಕೊಂಡಿಲ್ಲ. ವಸಡಿನ ಹತ್ತಿರದವರೆಗೂ ಬಂದು ನಿಂತಿದೆ."

"ಮತ್ತೆ ಹೊರಗೆ ಯಾಕೆ ಬರ್ತಿಲ್ಲ?" ಡ್ರೈವರು ಕೇಳಿದ.

"ಮೂರೂವರೆಗೇ ಹಾಲುಹಲ್ಲು ಹೋಯ್ತಲ್ಲ, ಅಲ್ಲಿಂದ ಇಲ್ಲಿವರೆಗೆ ಆ ಬರೀ ವಸಡಿನ ಮೇಲೇ ಕಚ್ಚಿ ಅಗಿದಿದ್ದಾಳೆ. ಅದು ಬರಿಗಾಲಲ್ಲಿ ನಡೆದವರ ಅಂಗಾಲಿನ ಹಾಗೆ ದಪ್ಪ ಆಗಿಬಿಟ್ಟಿದೆ. ಹಲ್ಲಿಗೆ ಸೀಳಿಕೊಂಡು ಬರೋಕಾಗ್ತಿಲ್ಲ. ಒಂದು ಸಣ್ಣ ಗೀರು ಹಾಕಿ ದಾರಿ ಬಿಟ್ರೆ ತಾನೇ ಇಳಿಯುತ್ತೆ. ಆದ್ರೆ ಒಂದು ಮಾತು, ಏಳಕ್ಕೇ ಬನ್ನಿ ಅಂದಿದ್ದೆ. ಬಂದಿದ್ರೆ ಒಂದು ವರ್ಷದ ಸಂಕಟ ತಪ್ತಿತ್ತು."

ಬೈಗುಳ ಅಷ್ಟು ಹಿತವಾಗಿ ಕೇಳಿಸಬಹುದೆಂದು ಹಲ್ಲಕ್ಕನಿಗೆ ಗೊತ್ತಿರಲಿಲ್ಲ. ಹೋದ ಜೀವ ಬಂದಂತಾಗಿ ಅಲ್ಲೇ ಇದ್ದ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತುಬಿಟ್ಟಳು. ಏಳಲು ಹೋದರೆ ಕುರ್ಚಿಯೂ ಜೊತೆಗೇ ಎದ್ದಿತು. ಡ್ರೈವರು ಅದನ್ನು ಹಿಂದಿನಿಂದ ಎಳೆದು ಬಿಡಿಸಬೇಕಾಯಿತು.

ಗೀರು ಹಾಕಲು ಕಡಲೆ ಸುಲಭಕ್ಕೆ ಒಪ್ಪಲಿಲ್ಲ. ಸೂಜಿ ಎಷ್ಟುದ್ದ, ಚಾಕು ಯಾವುದು, ನೋಯುತ್ತದೆಯೋ ಇಲ್ಲವೋ, ಸುಳ್ಳು ಹೇಳಬಾರದು ಎಂದೆಲ್ಲ ವಿಚಾರಣೆ ನಡೆಸಿದಳು. "ಸೂಜಿ ಚುಚ್ಚುವಾಗ ಇರುವೆ ಕಚ್ಚಿದ ಹಾಗೆ. ಆಮೇಲೆ ಏನೂ ಗೊತ್ತಾಗಲ್ಲ" ಎಂದರು ಡಾಕ್ಟರಮ್ಮ. "ಕೆಂಪಿರುವೆನಾ, ಕಪ್ಪಿರುವೆನಾ?" ಕೆಂಪಿರುವೆ ಎಂದು ಅವರು ಒಪ್ಪಿಕೊಂಡ ಮೇಲೆಯೇ ಬಾಯಿ ತೆರೆದಳು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ವಸಡಿನ ಸಣ್ಣ ಕಿಟಕಿಯಲ್ಲಿ, ಹತ್ತಿ ಒತ್ತಿ ತೆಗೆದಾಗ, ಬಿಳಿಯ ಮೊನೆಯೊಂದು ಮಿಣುಕಿದ್ದನ್ನು ಡಾಕ್ಟರಮ್ಮ ಮನೆಯವರನ್ನೆಲ್ಲ ಕರೆದು ತೋರಿಸಿದರು.

ಹೊರಡುವಾಗ ಹಲ್ಲಕ್ಕ ಅಂಜುತ್ತಂಜುತ್ತ ಕೈಚೀಲದಿಂದ ಆ ತಟ್ಟೆ ತೆಗೆದಳು. "ಇದನ್ನ ಅಲ್ಲೀವರೆಗೆ ಹಾಕಬಹುದಾ?"

"ಬೇಡವೇ ಬೇಡ. ಬರೋ ಹಲ್ಲಿಗೆ ಅಡ್ಡ ಆಗುತ್ತೆ." ಡಾಕ್ಟರಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಯಾರು ಮಾಡಿದ್ದು?"

"ನಾನೇ. ತಪ್ಪಾಯ್ತು."

"ತಪ್ಪು ಅಂತ ಕೇಳಲಿಲ್ಲ. ಮಕ್ಕಳ ಬಾಯಿಗೆ ಇಷ್ಟು ತೆಳ್ಳಗೆ ಮಾಡೋರು ನಂಗೆ ಸಿಕ್ಕೇ ಇಲ್ಲ. ಹಾಲುಹಲ್ಲು ಹೊತ್ತಿಗೆ ಮುಂಚೆ ಹೋದ ಮಕ್ಕಳು ವಾರಕ್ಕೆ ನಾಲ್ಕು ಜನ ಬರ್ತಾರೆ. ದವಡೆಯಲ್ಲಿ ಆ ಜಾಗ ಮುಚ್ಚಿಹೋಗದ ಹಾಗೆ ತಡೆ ಮಾಡಿಕೊಡಬೇಕು. ದೂರದಿಂದ ತರಿಸ್ತಿದ್ದೀನಿ, ಬರೋ ಹೊತ್ತಿಗೆ ಅಳತೆಯೇ ಬದಲಾಗಿರುತ್ತೆ. ನೀವು ಮಾಡ್ತೀರಾ?"

ಐವತ್ತು ದಾಟಿದ ಮೇಲೆ ಹಲ್ಲಕ್ಕ ಹೀಗೆ ಹೊಸ ವಿದ್ಯೆಗೆ ಕೂತಳು. ವಾರಕ್ಕೆರಡು ದಿನ ಡಾಕ್ಟರಮ್ಮನ ಹತ್ತಿರ ಹೋಗಿ ಯಾವ ಹಲ್ಲು ಯಾವ ವರ್ಷಕ್ಕೆ ಬೀಳುತ್ತದೆ, ಯಾವುದು ಯಾವುದರ ಜಾಗಕ್ಕೆ ಬರುತ್ತದೆ, ಎಲ್ಲಿ ತಂತಿ ಬಗ್ಗಿಸಬೇಕು, ಎಲ್ಲಿ ದಾರಿ ಬಿಡಬೇಕು ಎಂದು ಕಲಿತಳು. ಆರನೆಯ ವರ್ಷಕ್ಕೆ ಹಿಂದುಗಡೆ ಬರುವ ದವಡೆಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸದೆ ಸದ್ದಿಲ್ಲದೆ ಬರುತ್ತದೆ ಎಂದು ತಿಳಿದ ದಿನ ಮನೆಗೆ ಬಂದು ಕಡಲೆಯ ಬಾಯಿ ಅಗಲಿಸಿ ನೋಡಿದಳು. ನಾಲ್ಕೂ ಬಂದು ಯಾವುದೋ ಕಾಲವಾಗಿತ್ತು. "ಅಲ್ವೇ ತಂಗಿ, ಎರಡು ವರ್ಷ ದಿನಾ ಇದೇ ಬಾಯಿ ನೋಡಿದ್ದೀನಿ, ಒಂದೇ ಜಾಗ ನೋಡ್ಕೊಂಡು ಕೂತು ಇವನ್ನ ನೋಡಲೇ ಇಲ್ಲ!" ಕಪಾಟಿನಲ್ಲಿ ಕೆಳಗಿನ ಎರಡು ಸಾಲು ಪುಟ್ಟ ದವಡೆಗಳಿಂದ ತುಂಬತೊಡಗಿತು. ಮುದುಕರ ಕೆಮ್ಮು ಮಾತ್ರ ಕೇಳುತ್ತಿದ್ದ ಕಿಟಕಿಯಲ್ಲಿ ಈಗ ಮಕ್ಕಳ ಚಿಲಿಪಿಲಿಯೂ ಶುರುವಾಯಿತು.

ಗೀರು ಹಾಕಿದ ಒಂಬತ್ತನೆಯ ವಾರ. ಶಾಲೆಗೆ ರಜೆ, ಮಧ್ಯಾಹ್ನದ ಹೊತ್ತು. ಹಲ್ಲಕ್ಕ ಮುರಿದ ಸೆಟ್ಟೊಂದನ್ನು ಅಂಟಿಸುತ್ತಿದ್ದಳು. ಅದರ ಒಡೆಯ, ಔಷಧಿ ಅಂಗಡಿಯ ಅಜ್ಜ, ಬೊಚ್ಚುಬಾಯಿ ಮುಚ್ಚಿಕೊಂಡು ಎದುರಿಗೆ ಕೂತು ಕಾಯುತ್ತಿದ್ದ. ತಂಗಿ ಒಳಗೆ ಬಟ್ಟೆ ಮಡಚುತ್ತಿದ್ದಳು. ಕಡಲೆ ಸೇಬು ಕಚ್ಚುತ್ತ ಬಂದು ಥಟ್ಟನೆ ನಿಂತಳು. ಕಚ್ಚಿದ ಜಾಗವನ್ನೇ ನೋಡಿದಳು.

"ದೊಡ್ಡಮ್ಮ, ಸೇಬಲ್ಲಿ ಎರಡು ಗೆರೆ ಬಿದ್ದಿದೆ."

ಹಲ್ಲಕ್ಕ ದೀಪ ಆರಿಸಿ ಎದ್ದಳು. ಸೇಬಿನ ಬಿಳಿಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಗುರುತು: ಒಂದು ಆಳ, ಇನ್ನೊಂದು ತೆಳು. ಮಗುವಿನ ತುಟಿ ಎತ್ತಿದರೆ ಎಡಗಡೆ ಗರಗಸದ ಮೂರು ಮೊನೆಯೂ ಸ್ಪಷ್ಟವಾಗಿ ಹೊರಬಂದಿವೆ. ಅರ್ಧ ಹಲ್ಲು. ಅದರ ಮೇಲೊಂದು ಸಾಸಿವೆಯಷ್ಟು ಬಿಳಿ ಚುಕ್ಕೆ. ಅಂದಿನ ಏಟಿನ ಗುರುತು ಅದೊಂದೇ ಇರಬೇಕು; ಹಲ್ಲಿಗೆ ಅದರಿಂದ ತೊಂದರೆಯಿಲ್ಲ, ಬೇಡವೆನಿಸಿದರೆ ದೊಡ್ಡವಳಾದ ಮೇಲೆ ಅಳಿಸಬಹುದು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಕಡಲೆ ಮಾತ್ರ ತನ್ನ ಹಲ್ಲಿಗೆ ಮಚ್ಚೆ ಇದೆ, ಬೇರೆ ಯಾರಿಗೂ ಇಲ್ಲ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು.

ಆ ಕ್ಷಣಕ್ಕೆ ಹಲ್ಲಕ್ಕ "ತಂಗೀ" ಎಂದಷ್ಟೇ ಕೂಗಿದಳು. ಆ ದನಿ ಕೇಳಿ ಬಟ್ಟೆಯನ್ನು ಹೆಗಲ ಮೇಲೇ ಹಾಕಿಕೊಂಡು ತಂಗಿ ಓಡಿಬಂದಳು. ಇಬ್ಬರೂ ಒಂದೇ ಬಾಯೊಳಗೆ ಇಣುಕಲು ಹೋಗಿ ತಲೆಗೆ ತಲೆ ಢೀ ಹೊಡೆದುಕೊಂಡರು. ಇಬ್ಬರೂ ಹಣೆ ಉಜ್ಜಿಕೊಳ್ಳುತ್ತ ನಕ್ಕಿದ್ದೇ ನಕ್ಕಿದ್ದು. ನಡುವೆ ಸಿಕ್ಕಿಕೊಂಡ ಕಡಲೆ "ಬಿಡ್ರೀ, ಸೇಬು ತಿನ್ನಬೇಕು" ಎಂದು ಕೊಸರಿಕೊಂಡಳು.

ಔಷಧಿ ಅಂಗಡಿಯ ಅಜ್ಜ ಇದನ್ನೆಲ್ಲ ನೋಡುತ್ತ ತಾನೂ ವಸಡು ತೋರಿಸಿ ನಗುತ್ತಿದ್ದ. ಕಡಲೆ ಅವನ ಮುಂದೆ ಹೋಗಿ ತುಟಿಯೆತ್ತಿ ಪ್ರದರ್ಶನ ಕೊಟ್ಟಳು.

"ಭೇಷ್! ನಿಂಗೆ ಬಂತಲ್ಲ ಮಗಳೇ" ಎಂದು ಅವನು ಹಲ್ಲಕ್ಕನ ಕಡೆ ತಿರುಗಿದ. "ನಂಗೆ ಯಾವಾಗಮ್ಮ?"

ಹಲ್ಲಕ್ಕ ಮೇಜಿನ ಮೇಲಿದ್ದ ಅವನ ಸೆಟ್ಟನ್ನು ನೋಡಿದಳು. ಇನ್ನೊಂದು ಗಂಟೆಯ ಕೆಲಸ. ಯಂತ್ರದ ಸ್ವಿಚ್ಚು ಆರಿಸಿ, ಕಿಟಕಿಯ ಬಾಗಿಲೆಳೆದಳು.

"ನಾಳೆ ಬನ್ನಿ ಅಜ್ಜಾ. ಈವತ್ತು ರಜೆ."